ತಮ್ಮನನ್ನು ಜೈಲಿಗೆ ಕಳುಹಿಸಿದ್ದಾರೆ. ಮನೆಯವರು ಏನೇನಕ್ಕೆ ಸಿದ್ಧರಾಗಿರಬೇಕು?

ಮುಳಬಾಗಿಲು_ಅಕ್ಕ

ಎಲ್ಲರಿಗೂ ನಮಸ್ಕಾರ. ನಾವು ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿಯವರು. ನನ್ನ ತಮ್ಮನಿಗೆ 29 ವರ್ಷ. ಸಾಲ ಮಾಡಿ ಕೊಂಡ ಕ್ಯಾಂಟರ್‌ನಲ್ಲಿ ಕೋಲಾರದ ಎಪಿಎಂಸಿ ಮಾರುಕಟ್ಟೆಯಿಂದ ಚೆನ್ನೈ ಕಡೆಗೆ ಟೊಮೆಟೊ ಸಾಗಿಸುತ್ತಾನೆ. ಹೊಲದ ಬದುವಿನ ವಿಚಾರವಾಗಿ ಪಕ್ಕದ ಜಮೀನಿನವರ ಜೊತೆ ಮೂರು ವರ್ಷಗಳಿಂದ ಇದ್ದ ಮನಸ್ತಾಪ ಹೋದ ವಾರ ಹೊಡೆದಾಟಕ್ಕೆ ತಿರುಗಿ, ಎದುರು ಕಡೆಯ ಒಬ್ಬರ ತಲೆಗೆ ಪೆಟ್ಟಾಯಿತು. ಎಫ್‌ಐಆರ್‌ನಲ್ಲಿ ಕೊಲೆ ಯತ್ನದ ಕಲಮನ್ನೂ ಸೇರಿಸಿದ್ದಾರೆ. ಮರುದಿನ ತಮ್ಮನನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿದಾಗ 14 ದಿನಗಳ ನ್ಯಾಯಾಂಗ ಬಂಧನವಾಯಿತು. ಇಂದಿಗೆ ಐದು ದಿನ.

ತಪ್ಪು ಯಾರದು ಎಂಬುದನ್ನು ಇಲ್ಲಿ ಚರ್ಚಿಸಲು ನಾನು ಬಂದಿಲ್ಲ. ಅದನ್ನು ನ್ಯಾಯಾಲಯ ನೋಡಿಕೊಳ್ಳುತ್ತದೆ. ನಮ್ಮ ವಂಶದಲ್ಲಿ ಇದುವರೆಗೆ ಯಾರೂ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದವರಲ್ಲವಾದ್ದರಿಂದ, ಜೈಲಿನ ಬಾಗಿಲು ಮುಚ್ಚಿದ ಮೇಲೆ ಒಳಗೆ ಏನು ನಡೆಯುತ್ತದೆ, ಹೊರಗಿರುವ ನಾವು ಯಾವುದನ್ನು ಮೊದಲು ಮಾಡಬೇಕು ಎಂಬುದೊಂದೂ ತೋಚುತ್ತಿಲ್ಲ. ಬಂಧನದ ಮೂರನೆಯ ದಿನ ಅಮ್ಮನನ್ನು ಕರೆದುಕೊಂಡು ಹೋದೆ. ಅಂದು ಭಾನುವಾರ, ಸಂದರ್ಶನವಿಲ್ಲ ಎಂದು ಬಾಗಿಲಿನಲ್ಲಿಯೇ ಹೇಳಿದರು. ಅಮ್ಮ ಮಾಡಿಕೊಂಡು ಬಂದಿದ್ದ ಒಬ್ಬಟ್ಟಿನ ಡಬ್ಬಿಯನ್ನು ಬಸ್‌ನಲ್ಲಿ ಮಡಿಲಲ್ಲಿಟ್ಟುಕೊಂಡೇ ವಾಪಸು ಬಂದರು.

ತಮ್ಮನಿಗೆ ಉಬ್ಬಸವಿದೆ, ಇನ್‌ಹೇಲರ್ ಇಲ್ಲದೆ ರಾತ್ರಿ ಕಳೆಯುವುದು ಕಷ್ಟ. ಅವನ ಫೋನನ್ನು ಪೊಲೀಸರು ಜಪ್ತಿ ಮಾಡಿದ್ದಾರೆ. ಕ್ಯಾಂಟರಿನ ಕಂತು, ಗ್ಯಾಸ್ ಬುಕಿಂಗ್, ಮಂಡಿಯವರಿಂದ ಬರಬೇಕಾದ ಬಾಡಿಗೆ ಎಲ್ಲವೂ ಆ ಒಂದು ನಂಬರಿಗೇ ಅಂಟಿಕೊಂಡಿವೆ. ಅವನ ಮಗಳಿಗೆ ಐದು ವರ್ಷ, ಅಪ್ಪ ಲೋಡ್ ತೆಗೆದುಕೊಂಡು ಹೋಗಿದ್ದಾನೆ ಎಂದು ಹೇಳಿಟ್ಟಿದ್ದೇವೆ. ನಿನ್ನೆ ಯಾರೋ ಒಬ್ಬರು ಫೋನ್ ಮಾಡಿ, ಒಳಗೆ ‘ಒಳ್ಳೆಯ ಬ್ಯಾರಕ್’ ಕೊಡಿಸಲು 20,000 ರೂಪಾಯಿ ಕಳುಹಿಸಿ ಎಂದರು. ಕಳುಹಿಸಿಲ್ಲ, ಆದರೆ ಕಳುಹಿಸದಿದ್ದರೆ ಅವನಿಗೆ ತೊಂದರೆಯಾದೀತೇ ಎಂಬ ಭಯದಲ್ಲಿ ರಾತ್ರಿಯಿಡೀ ನಿದ್ದೆ ಬಂದಿಲ್ಲ. ಅನುಭವವಿರುವವರು ದಯವಿಟ್ಟು ತಿಳಿಸಿ.

ಶಿರಾ_ಗೃಹಿಣಿ

ತಂಗಿ, ಮೊದಲು ಆ ಫೋನ್ ಕರೆಯ ವಿಷಯ. ಹಣ ಕಳುಹಿಸಬೇಡಿ. ನನ್ನ ಯಜಮಾನರು ವಿಚಾರಣಾಧೀನ ಬಂದಿಯಾಗಿ ಏಳು ತಿಂಗಳು ಒಳಗಿದ್ದರು, ಆಮೇಲೆ ಪ್ರಕರಣ ಖುಲಾಸೆಯಾಯಿತು. ಮೊದಲ ವಾರದಲ್ಲಿ ನನಗೂ ಇಂಥವೇ ಎರಡು ಕರೆಗಳು ಬಂದವು. ಹೊಸದಾಗಿ ಒಳಗೆ ಹೋದವರ ಮನೆಯ ನಂಬರುಗಳನ್ನು ಹೇಗೋ ಸಂಪಾದಿಸಿ, ಮನೆಯವರ ಭಯವನ್ನೇ ಬಂಡವಾಳ ಮಾಡಿಕೊಳ್ಳುವವರು ಇದ್ದಾರೆ. ಒಬ್ಬನಿಗೆ ನಾನು 5,000 ಕೊಟ್ಟೆ. ಮುಂದಿನ ವಾರ ಅವನೇ 10,000 ಕೇಳಿದ. ಯಜಮಾನರನ್ನು ಭೇಟಿಯಾದಾಗ ವಿಚಾರಿಸಿದರೆ ಅವರ ಬ್ಯಾರಕ್ ಬದಲಾಗಿಯೇ ಇರಲಿಲ್ಲ. ಆ ನಂಬರನ್ನು, ಕರೆ ಬಂದ ದಿನಾಂಕ ಮತ್ತು ಹೊತ್ತನ್ನು ಬರೆದಿಟ್ಟುಕೊಂಡು ನಿಮ್ಮ ವಕೀಲರಿಗೆ ಕೊಡಿ.

ಎರಡನೆಯದು ಇನ್‌ಹೇಲರ್. ಇದಕ್ಕೆ ಸಂದರ್ಶನದ ದಿನ ಬರಲಿ ಎಂದು ಕಾಯಬೇಡಿ. ಜೈಲಿಗೆ ಸೇರಿಸಿಕೊಳ್ಳುವಾಗ ವೈದ್ಯಕೀಯ ತಪಾಸಣೆ ಮಾಡುತ್ತಾರೆ ನಿಜ, ಆದರೆ ಆ ಹೊತ್ತಿನಲ್ಲಿ ತಲೆ ತಿರುಗಿದ ಸ್ಥಿತಿಯಲ್ಲಿರುವ ಮನುಷ್ಯ ತನ್ನ ಕಾಯಿಲೆಯನ್ನು ಹೇಳಿಕೊಂಡಿರುತ್ತಾನೆ ಎಂಬ ಭರವಸೆಯಿಲ್ಲ. ವೈದ್ಯರ ಚೀಟಿಯ ಜೆರಾಕ್ಸ್, ಹಳೆಯ ತಪಾಸಣೆಯ ಕಾಗದಗಳು, ಜೊತೆಗೆ ಕಾರಾಗೃಹದ ಅಧೀಕ್ಷಕರಿಗೆ ಬರೆದ ಒಂದು ಪುಟದ ಅರ್ಜಿ, ಇಷ್ಟನ್ನು ತೆಗೆದುಕೊಂಡು ನಾಳೆಯೇ ಹೋಗಿ. ಅರ್ಜಿಯ ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ. ಔಷಧವನ್ನು ನಿಮ್ಮ ಕೈಯಿಂದ ನೇರವಾಗಿ ಅವನ ಕೈಗೆ ಕೊಡಲು ಬಿಡುವುದಿಲ್ಲ. ಜೈಲಿನ ವೈದ್ಯರ ಮೂಲಕವೇ ಹೋಗಬೇಕು. ವಕೀಲರು ನ್ಯಾಯಾಲಯಕ್ಕೂ ಒಂದು ಅರ್ಜಿ ಹಾಕಿ, ಚಿಕಿತ್ಸೆ ಒದಗಿಸುವಂತೆ ಆದೇಶ ಪಡೆಯಬಹುದು. ನನ್ನ ಯಜಮಾನರ ಸಕ್ಕರೆ ಕಾಯಿಲೆಯ ಮಾತ್ರೆಗೆ ನಾವು ಹಾಗೆಯೇ ಮಾಡಿದೆವು.

ಇನ್ನು ಭೇಟಿ. ಜೈಲಿನವರ ಮಾತಿನಲ್ಲಿ ಇದು ‘ಸಂದರ್ಶನ’, ಹೊರಗೆ ಸಾಲಿನಲ್ಲಿ ನಿಲ್ಲುವವರ ಮಾತಿನಲ್ಲಿ ‘ಮುಲಾಕಾತ್’. ಇ-ಪ್ರಿಸನ್ಸ್ ವ್ಯವಸ್ಥೆಯ ಇ-ಮುಲಾಕಾತ್ ಎಂಬ ಜಾಲತಾಣದಲ್ಲಿ ಮುಂಚಿತವಾಗಿ ಹೆಸರು ನೋಂದಾಯಿಸಬಹುದು. ನೇರ ಭೇಟಿಗೂ ವಿಡಿಯೊ ಭೇಟಿಗೂ ಅದರಲ್ಲಿಯೇ ಅವಕಾಶವಿದೆ. ಯಾವ ದಿನ, ಎಷ್ಟು ಗಂಟೆಯೊಳಗೆ, ಒಮ್ಮೆಗೆ ಎಷ್ಟು ಜನ ಎಂಬುದನ್ನು ಬಾಗಿಲಿನ ಬಳಿಯ ಫಲಕದಲ್ಲಿ ಹಾಕಿರುತ್ತಾರೆ. ಅದನ್ನು ಫೋನಿನಲ್ಲಿ ಚಿತ್ರ ತೆಗೆಯುವ ಬದಲು ಕಾಗದದ ಮೇಲೆ ಬರೆದುಕೊಳ್ಳಿ, ಜೈಲಿನ ಆವರಣದಲ್ಲಿ ಫೋನ್ ಎತ್ತಿ ಹಿಡಿದರೆ ಅನಗತ್ಯ ಮಾತು ಬೆಳೆಯುತ್ತದೆ. ನಿಮ್ಮ ಆಧಾರ್ ಮೂಲ ಪ್ರತಿ, ತಮ್ಮನ ಪೂರ್ತಿ ಹೆಸರು, ತಂದೆಯ ಹೆಸರು, ಠಾಣೆಯ ಹೆಸರು, ಅಪರಾಧ ಸಂಖ್ಯೆ, ಗೊತ್ತಾದರೆ ಅವನ ಯುಟಿಪಿ ನಂಬರ್ (ವಿಚಾರಣಾಧೀನ ಬಂದಿಗೆ ಜೈಲಿನಲ್ಲಿ ಕೊಡುವ ಸಂಖ್ಯೆ), ಇಷ್ಟು ಕೈಯಲ್ಲಿರಲಿ. ಒಂದೇ ಹೆಸರಿನವರು ಒಳಗೆ ನಾಲ್ವರಿರುತ್ತಾರೆ. ನಾನೊಮ್ಮೆ ಎರಡು ಗಂಟೆ ಕಾದ ಮೇಲೆ ಜಾಲರಿಯ ಆಚೆ ಬಂದು ನಿಂತವರು ಯಾರೋ ಅಪರಿಚಿತರು! ಅವರೂ ತಮ್ಮ ಮನೆಯವರು ಬಂದಿದ್ದಾರೆಂದು ಆಸೆಯಿಂದ ಓಡಿ ಬಂದಿದ್ದರು.

ಮೊದಲ ಭೇಟಿಯ ಬಗ್ಗೆ ಮನಸ್ಸಿನಲ್ಲಿ ದೊಡ್ಡ ಚಿತ್ರ ಕಟ್ಟಿಕೊಳ್ಳಬೇಡಿ. ನಡುವೆ ಜಾಲರಿಯೋ ಗಾಜೋ ಇರುತ್ತದೆ, ಅಕ್ಕಪಕ್ಕದಲ್ಲಿ ಹತ್ತಾರು ಮನೆಯವರು ಒಟ್ಟಿಗೆ ಕೂಗಿ ಮಾತನಾಡುತ್ತಿರುತ್ತಾರೆ, ಮಾತು ಶುರುವಾಗುವಷ್ಟರಲ್ಲಿ ಹೊತ್ತು ಮುಗಿದಿರುತ್ತದೆ. ನಾನು ಹದಿನಾಲ್ಕು ಪ್ರಶ್ನೆಗಳನ್ನು ಬರೆದುಕೊಂಡು ಹೋಗಿದ್ದೆ. ಯಜಮಾನರು ಬಂದವರೇ ಕೇಳಿದ್ದು, ‘ಎಮ್ಮೆ ಈಯಿತಾ?’ ನನಗೆ ಸಿಟ್ಟೇ ಬಂತು. ಒಳಗಿದ್ದವರಿಗೆ ಮನೆ ಎಂದಿನಂತೆ ನಡೆಯುತ್ತಿದೆ ಎಂಬ ಸುದ್ದಿಗಿಂತ ಬೇರೆ ಔಷಧವಿಲ್ಲ ಎಂಬುದು ಬಹಳ ದಿನಗಳ ಮೇಲೆ ಅರ್ಥವಾಯಿತು. ಅವರು ಇಳಿದುಹೋಗಿದ್ದರು, ಗಡ್ಡ ಬಂದಿತ್ತು, ಹೋಗುವಾಗ ಹಾಕಿಕೊಂಡಿದ್ದ ಅಂಗಿಯಲ್ಲೇ ಇದ್ದರು. ಅಮ್ಮನಿಗೆ ಇದನ್ನು ಮೊದಲೇ ಹೇಳಿಟ್ಟಿರಿ.

ಕೊನೆಯದಾಗಿ, ಅಲ್ಲಿ ಪ್ರಕರಣದ ಮಾತು ಬೇಡ. ಯಾರು ಹೊಡೆದರು, ದೊಣ್ಣೆ ಎಲ್ಲಿದೆ, ಸಾಕ್ಷಿ ಯಾರು, ಇವನ್ನೆಲ್ಲ ಅವನು ವಕೀಲರೊಂದಿಗೆ ಮಾತ್ರ ಮಾತನಾಡಲಿ. ಮನೆಯ ಊಟವನ್ನು ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ, ಒಬ್ಬಟ್ಟಿನ ವಿಷಯದಲ್ಲಿ ನಿಮ್ಮ ಅಮ್ಮ ಒಬ್ಬರೇ ಅಲ್ಲ. ಊಟಕ್ಕೆ ಅಲ್ಲಿಯೂ ಮುದ್ದೆ, ಅನ್ನ, ಸಾರು ಇರುತ್ತದೆ. ಬಟ್ಟೆ ಕೊಡಬಹುದು, ವಿಚಾರಣಾಧೀನ ಬಂದಿಗಳು ತಮ್ಮದೇ ಬಟ್ಟೆ ಹಾಕಿಕೊಳ್ಳುತ್ತಾರೆ. ಬೆಲ್ಟ್ ಬೇಡ, ಎರಡು ಜೊತೆ ಸಾಕು, ಒಂದು ಹೊದಿಕೆ ಇರಲಿ.

ಮುಳಬಾಗಿಲು_ಅಕ್ಕ

ಅಕ್ಕ, ನಿಮ್ಮ ಮಾತು ಓದಿ ಅಮ್ಮನಿಗೂ ಓದಿ ಹೇಳಿದೆ. ಇನ್‌ಹೇಲರಿನ ಅರ್ಜಿಯನ್ನು ಇಂದು ಬೆಳಿಗ್ಗೆ ಕೊಟ್ಟು ಸೀಲು ಹಾಕಿಸಿಕೊಂಡು ಬಂದೆ. ಈಗ ಇನ್ನೊಂದು ಗೊಂದಲ. ನಮ್ಮ ಊರಿನ ಹಿರಿಯರು, ಪೆಟ್ಟಾದವರ ಮನೆಗೆ ಹೋಗಿ ಕೈ ಮುಗಿದು ರಾಜಿ ಮಾಡಿಕೊಂಡುಬಿಡಿ, ವಾರದೊಳಗೆ ಹುಡುಗ ಹೊರಗೆ ಬರುತ್ತಾನೆ ಎನ್ನುತ್ತಿದ್ದಾರೆ. ವಕೀಲರು 14 ದಿನ ಮುಗಿದ ಮೇಲೆ ಬಂಧನವನ್ನು ಮತ್ತೆ ಮುಂದುವರಿಸುತ್ತಾರೆ ಎಂದರು. ಹಾಗಾದರೆ 14 ದಿನ ಎಂದು ಹೇಳಿದ್ದಕ್ಕೆ ಅರ್ಥವೇನು? ನಾವು ದಿನ ಎಣಿಸುತ್ತಿದ್ದೆವು.

ಕೋಲಾರ_ವಕೀಲ

ಈ ಪ್ರಶ್ನೆಯನ್ನು ನನ್ನ ಕಚೇರಿಯಲ್ಲಿ ಕೇಳದ ಕುಟುಂಬವಿಲ್ಲ. ನಿಮ್ಮ ವಕೀಲರ ಸಲಹೆಯೇ ಅಂತಿಮ. ಕಡತ ನೋಡಿರುವವರು ಅವರು. ಸಾಮಾನ್ಯ ತಿಳಿವಳಿಕೆಗಾಗಿ ಕೆಲವು ಮಾತು ಹೇಳುತ್ತೇನೆ.

14 ದಿನವೆಂಬುದು ಶಿಕ್ಷೆಯೂ ಅಲ್ಲ, ಬಿಡುಗಡೆಯ ಗಡುವೂ ಅಲ್ಲ. ತನಿಖೆ ನಡೆಯುವಾಗ ಮ್ಯಾಜಿಸ್ಟ್ರೇಟರು ಒಮ್ಮೆಗೆ 15 ದಿನಗಳಿಗಿಂತ ಹೆಚ್ಚು ಕಾಲ ಬಂಧನ ವಿಧಿಸುವಂತಿಲ್ಲವಾದ್ದರಿಂದ, ಆ ಅವಧಿ ಮುಗಿಯುವಷ್ಟರಲ್ಲಿ ಆರೋಪಿಯನ್ನು ನೇರವಾಗಿಯೋ ವಿಡಿಯೊ ಮೂಲಕವೋ ಮತ್ತೆ ಹಾಜರುಪಡಿಸಿ ಮುಂದುವರಿಸುತ್ತಾರೆ. ಆ ದಿನ ನ್ಯಾಯಾಲಯಕ್ಕೆ ಹೋದರೆ ತಮ್ಮನನ್ನು ನೋಡಬಹುದೆಂದು ಮನೆಯವರೆಲ್ಲ ಬಾಡಿಗೆ ಕಾರು ಮಾಡಿಕೊಂಡು ಬರುತ್ತಾರೆ, ಒಳಗೆ ಪರದೆಯ ಮೇಲೆ ಅರ್ಧ ನಿಮಿಷದಲ್ಲಿ ಎಲ್ಲ ಮುಗಿದಿರುತ್ತದೆ. ಹೊರಡುವ ಮುಂಚೆ ವಕೀಲರನ್ನು ಕೇಳಿಕೊಳ್ಳಿ.

ನಿಜವಾಗಿ ಎಣಿಸಬೇಕಾದ ದಿನಗಳು ಬೇರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 187ನೇ ಕಲಮಿನ ಪ್ರಕಾರ, ಅಪರಾಧದ ಗಂಭೀರತೆಯನ್ನು ಅನುಸರಿಸಿ 60 ಅಥವಾ 90 ದಿನಗಳೊಳಗೆ ಪೊಲೀಸರು ದೋಷಾರೋಪ ಪಟ್ಟಿ ಸಲ್ಲಿಸದಿದ್ದರೆ ಜಾಮೀನು ಆರೋಪಿಯ ಹಕ್ಕಾಗುತ್ತದೆ. ಮರಣದಂಡನೆ, ಜೀವಾವಧಿ ಅಥವಾ 10 ವರ್ಷ ಮತ್ತು ಅದಕ್ಕಿಂತ ಹೆಚ್ಚಿನ ಶಿಕ್ಷೆಗೆ ಅವಕಾಶವಿರುವ ಅಪರಾಧಗಳಿಗೆ 90 ದಿನ. ಕೊಲೆ ಯತ್ನ, ಅಂದರೆ ಭಾರತೀಯ ನ್ಯಾಯ ಸಂಹಿತೆಯ ಕಲಂ 109, ಈ ಗುಂಪಿಗೆ ಸೇರುತ್ತದೆ. ಮ್ಯಾಜಿಸ್ಟ್ರೇಟರು ಮೊದಲ ಬಾರಿ ರಿಮಾಂಡ್ ಮಾಡಿದ ದಿನವನ್ನೂ ಸೇರಿಸಿ ಲೆಕ್ಕ ಹಾಕಬೇಕು, ಮತ್ತು ದೋಷಾರೋಪ ಪಟ್ಟಿ ಬರುವ ಮುನ್ನವೇ ಅರ್ಜಿ ಹಾಕಬೇಕು. ಒಂದು ದಿನ ತಡವಾಗಿ ಎಚ್ಚೆತ್ತು ಈ ಹಕ್ಕು ಕಳೆದುಕೊಂಡವರನ್ನು ನೋಡಿದ್ದೇನೆ. ಮನೆಯ ಕ್ಯಾಲೆಂಡರಿನಲ್ಲಿ ಆ ದಿನಾಂಕಕ್ಕೆ ಗುರುತು ಹಾಕಿಡಿ.

ಇದರರ್ಥ ಅಲ್ಲಿಯವರೆಗೆ ಸುಮ್ಮನೆ ಕೂರಬೇಕೆಂದಲ್ಲ. ಇಂಥ ಪ್ರಕರಣದಲ್ಲಿ ಜಾಮೀನು ಅರ್ಜಿ ಸಾಮಾನ್ಯವಾಗಿ ಸೆಷನ್ಸ್ ನ್ಯಾಯಾಲಯದ ಮುಂದೆ ಹೋಗುತ್ತದೆ. ಸರ್ಕಾರಿ ಅಭಿಯೋಜಕರು ತಕರಾರು ಸಲ್ಲಿಸಲು ಸಮಯ ಕೇಳುತ್ತಾರೆ, ಗಾಯದ ಪ್ರಮಾಣಪತ್ರ ಬರಬೇಕು, ವಾದ ಕೇಳಿದ ಮೇಲೆ ಆದೇಶಕ್ಕೆ ಇನ್ನೊಂದು ದಿನ. ಅರ್ಜಿ ಹಾಕಿದ ದಿನವೇ ಬಿಡುಗಡೆ ಎಂದು ಯಾರಾದರೂ ಮಾತು ಕೊಟ್ಟರೆ ಅವರಿಂದ ದೂರವಿರಿ. ಸೆಷನ್ಸ್‌ನಲ್ಲಿ ತಿರಸ್ಕೃತವಾದರೆ ಬೆಂಗಳೂರಿನ ಹೈಕೋರ್ಟ್ ಇದೆ. ಮತ್ತೊಂದು ವಿಚಾರವನ್ನು ಮನೆಯವರಿಗೆ ಮುಂಚಿತವಾಗಿ ಹೇಳದಿದ್ದರೆ ಅವರು ಗಾಬರಿಯಾಗುತ್ತಾರೆ: ಹೊಸ ಸಂಹಿತೆಯಲ್ಲಿ ಪೊಲೀಸ್ ವಶದ ಒಟ್ಟು 15 ದಿನಗಳನ್ನು ಒಂದೇ ಕಂತಿನಲ್ಲಿ ಮುಗಿಸಬೇಕಾಗಿಲ್ಲ. ಮೊದಲ 40 ಅಥವಾ 60 ದಿನಗಳೊಳಗೆ ಬಿಡಿಬಿಡಿಯಾಗಿ ಕೇಳಬಹುದು. ಆದ್ದರಿಂದ ಜೈಲಿನಲ್ಲಿದ್ದವನನ್ನು ಮತ್ತೆ ಠಾಣೆಗೆ ಕರೆದೊಯ್ದರೆ ಹೊಸ ಪ್ರಕರಣ ಹಾಕಿದರೆಂದು ಭಾವಿಸಬೇಡಿ, ಕೂಡಲೇ ವಕೀಲರಿಗೆ ತಿಳಿಸಿ.

ರಾಜಿಯ ವಿಷಯದಲ್ಲಿ ಹಿರಿಯರ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಕೊಲೆ ಯತ್ನದ ಪ್ರಕರಣವನ್ನು ಇಬ್ಬರು ಕೂತು ಮುಗಿಸಿಕೊಳ್ಳಲು ಕಾನೂನಿನಲ್ಲಿ ಅವಕಾಶವಿಲ್ಲ. ಎರಡೂ ಕಡೆಯವರು ಒಪ್ಪಿದರೂ ಹೈಕೋರ್ಟಿನ ಮುಂದೆ ಹೋಗಿ ರದ್ದು ಮಾಡಿಸಿಕೊಳ್ಳಬೇಕಾಗುತ್ತದೆ, ಅದೂ ಪ್ರತಿ ಪ್ರಕರಣದಲ್ಲೂ ಆಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಜಾಮೀನು ಅರ್ಜಿ ಬಾಕಿಯಿರುವಾಗ ಆರೋಪಿಯ ಕಡೆಯ ಐದಾರು ಜನ ಗಾಯಾಳುವಿನ ಮನೆ ಬಾಗಿಲಿಗೆ ಹೋದರೆ, ನೀವು ಕೈ ಮುಗಿದಿರೋ ಕೈ ಎತ್ತಿದಿರೋ ಎಂಬುದು ಆಮೇಲೆ ಬರೆಯುವವರ ಕೈಯಲ್ಲಿರುತ್ತದೆ. ಸಾಕ್ಷಿಗಳಿಗೆ ಬೆದರಿಕೆ ಎಂಬ ಒಂದೇ ಮಾತಿನಿಂದ ಜಾಮೀನು ತಪ್ಪಿದ್ದನ್ನು ಕಂಡಿದ್ದೇನೆ. ಮಾತುಕತೆ ಬೇಕೇ ಬೇಕಾದರೆ ವಕೀಲರಿಂದ ವಕೀಲರಿಗೆ ನಡೆಯಲಿ.

ಈಗಲೇ ಮಾಡಿಡಬಹುದಾದ ಕೆಲಸವೆಂದರೆ ಜಾಮೀನುದಾರರ ಕಾಗದಗಳು. ಆದೇಶವಾದ ಮೇಲೆ ಪಹಣಿಗಾಗಿ ಓಡಾಡುವುದರಲ್ಲಿಯೇ ಎಷ್ಟೋ ಮನೆಯವರು ವಾರ ಕಳೆಯುತ್ತಾರೆ. ಸ್ವಂತ ಹೆಸರಿನಲ್ಲಿ ಜಮೀನು ಅಥವಾ ಮನೆಯಿರುವ, ನ್ಯಾಯಾಲಯಕ್ಕೆ ಬಂದು ನಿಲ್ಲಲು ಹಿಂಜರಿಯದ ಇಬ್ಬರನ್ನು ಈಗಲೇ ಕೇಳಿ ಒಪ್ಪಿಸಿ. ಇತ್ತೀಚಿನ ಪಹಣಿ, ಕಂದಾಯದ ರಸೀದಿ, ಆಧಾರ್, ಭಾವಚಿತ್ರಗಳನ್ನು ತೆಗೆದಿರಿಸಿ. ಜಾಮೀನುದಾರರ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂಬ ಒಂದೇ ಕಾರಣಕ್ಕೆ ಅವರನ್ನು ತಿರಸ್ಕರಿಸುವುದು ಸರಿಯಲ್ಲವೆಂದು ಮೋತಿರಾಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1978ರಲ್ಲಿಯೇ ಹೇಳಿದೆ. ಆದರೂ ಊರಿನ ಹತ್ತಿರದ ಪಹಣಿಯಿದ್ದರೆ ಕೆಲಸ ಬೇಗ ಆಗುತ್ತದೆಂಬುದು ನಮ್ಮ ನಿತ್ಯದ ಅನುಭವ. ನ್ಯಾಯಾಲಯದ ಹೊರಗೆ ಹಣಕ್ಕೆ ಸಿಗುವ ಜಾಮೀನುದಾರರನ್ನು ಮಾತ್ರ ಮುಟ್ಟಬೇಡಿ. ಅವರ ಕಾಗದ ನಕಲಿಯೆಂದು ಗೊತ್ತಾದ ದಿನ ನಿಮ್ಮ ತಮ್ಮನ ಮೇಲೆ ಎರಡನೆಯ ಪ್ರಕರಣ ಬೀಳುತ್ತದೆ.

ಬಿಡುಗಡೆಯ ದಿನವೂ ತಾಳ್ಮೆ ಬೇಕು. ಜಾಮೀನುದಾರರನ್ನು ಒಪ್ಪಿಕೊಂಡ ಮೇಲೆ ಬಿಡುಗಡೆ ಆದೇಶ ಜೈಲಿಗೆ ತಲುಪಬೇಕು, ಬೇರೆ ಪ್ರಕರಣದ ವಾರಂಟ್ ಇದೆಯೇ ಎಂದು ಅಲ್ಲಿ ನೋಡಬೇಕು. ಆದೇಶ ಸಂಜೆ ತಡವಾಗಿ ಮುಟ್ಟಿದರೆ ಆ ರಾತ್ರಿ ಒಳಗೇ ಕಳೆಯಬೇಕಾಗುತ್ತದೆ.

ನಿಮ್ಮ ವಕೀಲರಿಂದ ಸಿಎನ್‌ಆರ್ ಸಂಖ್ಯೆ, ಅಂದರೆ ನ್ಯಾಯಾಲಯದಲ್ಲಿ ಪ್ರಕರಣದ ಗುರುತಿನ ಸಂಖ್ಯೆ, ಕೇಳಿ ಪಡೆಯಿರಿ. 16 ಅಕ್ಷರ ಮತ್ತು ಅಂಕಿಗಳ ಆ ಸಂಖ್ಯೆಯನ್ನು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹಾಕಿದರೆ ಮುಂದಿನ ದಿನಾಂಕ ನಿಮಗೇ ಕಾಣುತ್ತದೆ. ವಕೀಲನಾದ ನಾನೇ ಇದನ್ನು ಹೇಳುತ್ತಿದ್ದೇನೆ: ದಿನಾಂಕ ಕೇಳಲು ದಿನಕ್ಕೆ ಮೂರು ಬಾರಿ ಫೋನ್ ಮಾಡುವ ಮನೆಯವರಿಂದ ಇಬ್ಬರಿಗೂ ಸುಖವಿಲ್ಲ.

ಒಳಗಿದ್ದವನು

ನಾನು ಚಿಕ್ಕಬಳ್ಳಾಪುರ ಜಿಲ್ಲೆಯವನು. ಹೆಸರು ಬೇಡ, ಯಾವ ಜೈಲು ಎಂಬುದೂ ಬೇಡ. ನಾಲ್ಕು ತಿಂಗಳು ಇದ್ದೆ. ಮೇಲಿನ ಇಬ್ಬರೂ ಹೊರಗಿನಿಂದ ಕಂಡದ್ದನ್ನು ಬರೆದಿದ್ದಾರೆ, ನಾನು ಒಳಗಿನಿಂದ ಒಂದೆರಡು ಮಾತು ಸೇರಿಸುತ್ತೇನೆ.

ಅಕ್ಕ, ಮೊದಲ ರಾತ್ರಿ ಯಾರಿಗೂ ನಿದ್ದೆ ಬರುವುದಿಲ್ಲ. ಹೊಡೆತದ ಭಯಕ್ಕಿಂತ ಹೆಚ್ಚಾಗಿ, ದೀಪ ಆರುವುದಿಲ್ಲ ಎಂಬ ಕಾರಣಕ್ಕೆ, ಮತ್ತು ಮಗ್ಗುಲು ಬದಲಿಸಲು ಪಕ್ಕದವನು ಬದಲಿಸಬೇಕೆಂಬ ಕಾರಣಕ್ಕೆ. ಹೊಸಬರನ್ನು ಕೆಲವು ದಿನ ಬೇರೆ ಇಡುತ್ತಾರೆ, ಆಮೇಲೆ ಬ್ಯಾರಕ್‌ಗೆ ಹಾಕುತ್ತಾರೆ. ಬೆಳಿಗ್ಗೆ ಬೀಗ ತೆಗೆದು ಎಣಿಕೆ, ಸಂಜೆ ಕತ್ತಲಾಗುವ ಮುನ್ನ ಎಣಿಕೆ ಮಾಡಿ ಬೀಗ. ನಡುವೆ ಇರುವ ದಿನವೇ ಬಹಳ ಉದ್ದ. ವಿಚಾರಣಾಧೀನ ಬಂದಿಗಳನ್ನು ಸಜಾ ಬಂದಿಗಳಂತೆ ಕೆಲಸಕ್ಕೆ ಹಚ್ಚುವುದಿಲ್ಲವಾದ್ದರಿಂದ ಹೊತ್ತು ಹೋಗುವುದಿಲ್ಲ. ಗ್ರಂಥಾಲಯವಿದ್ದರೆ ಪುಣ್ಯ.

ಹಣದ ವಿಚಾರದಲ್ಲಿ ಮನೆಯವರು ತಪ್ಪುವುದು ಇಲ್ಲಿಯೇ. ಒಳಗೆ ನೋಟು ಇಟ್ಟುಕೊಳ್ಳುವಂತಿಲ್ಲ. ಬಂದಿಯ ಹೆಸರಿನಲ್ಲಿರುವ ಖಾತೆಗೆ ಜೈಲಿನ ಕಚೇರಿಯ ಮೂಲಕವೇ ಹಣ ಕಟ್ಟಬೇಕು, ಅದರಿಂದ ಕ್ಯಾಂಟೀನಿನಲ್ಲಿ ಸೋಪು, ಬಿಸ್ಕತ್ತು, ಹಲ್ಲುಜ್ಜುವ ಪೇಸ್ಟು ಕೊಳ್ಳಬಹುದು. ಸ್ವಲ್ಪ ಕಟ್ಟಿ, ತಿಂಗಳು ತಿಂಗಳು ಕಟ್ಟಿ. ನಮ್ಮ ಮಾವ ಪ್ರೀತಿಯಿಂದ ಒಮ್ಮೆಲೇ ದೊಡ್ಡ ಮೊತ್ತ ಕಟ್ಟಿಬಿಟ್ಟರು. ನನ್ನ ಖಾತೆಯಲ್ಲಿ ಹಣವಿದೆ ಎಂದು ತಿಳಿದ ಮೇಲೆ ಬ್ಯಾರಕ್ಕಿನ ಅರ್ಧ ಜನ ನನ್ನ ಸ್ನೇಹಿತರಾದರು. ಬಟ್ಟೆಯ ಮಡಿಕೆಯಲ್ಲಿ ನೋಟು, ಸಿಮ್ ಕಾರ್ಡು ಇಡುವಂತೆ ಯಾರಾದರೂ ಹೇಳಿದರೆ, ಹೇಳುವವನು ನಿಮ್ಮ ತಮ್ಮನೇ ಆದರೂ, ಮಾಡಬೇಡಿ. ಸಿಕ್ಕಿಬಿದ್ದರೆ ಹೊಸ ಪ್ರಕರಣ, ತಂದುಕೊಟ್ಟವರ ಮೇಲೂ.

ಜೈಲಿನ ಫೋನಿನಿಂದ ಅವನು ಮಾತನಾಡಲು ಮನೆಯ ನಂಬರನ್ನು ಮೊದಲೇ ಕೊಟ್ಟು ಪರಿಶೀಲನೆ ಆಗಬೇಕು. ಅದಕ್ಕೆ ಕೆಲವು ದಿನ ಹಿಡಿಯುತ್ತದೆ. ಇಂದು ಕರೆ ಬರಲಿಲ್ಲವೆಂದರೆ ಅವನಿಗೇನೋ ಆಗಿದೆ ಎಂದಲ್ಲ, ಸಾಲು ಉದ್ದವಿತ್ತು ಎಂದು. ಮತ್ತು ಕಾಗದ ಬರೆಯಿರಿ. ಅಧಿಕಾರಿಗಳು ಓದಿಯೇ ಕೊಡುತ್ತಾರೆ, ಪರವಾಗಿಲ್ಲ. ನನ್ನ ಹೆಂಡತಿ ಬರೆದ ಮೂರು ಇನ್‌ಲ್ಯಾಂಡ್ ಪತ್ರಗಳು ಮಡಿಸಿದ ಕಡೆ ಹರಿಯುವವರೆಗೂ ಓದಿದ್ದೇನೆ. ಒಂದರಲ್ಲಿ ಇದ್ದದ್ದು ಬರೀ ರೇಷ್ಮೆಗೂಡಿನ ಧಾರಣೆ.

ಚಿಂತಾಮಣಿ_ನಿವೃತ್ತ_ಮೇಷ್ಟರು

ನಾನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರೆ ಕಾನೂನು ಸ್ವಯಂಸೇವಕನಾಗಿ ಕೆಲವು ವರ್ಷ ಜೈಲಿಗೆ ಹೋಗಿಬಂದವನು. ವಕೀಲರು ಹೇಳದೆ ಬಿಟ್ಟ ಒಂದು ಸಂಗತಿಯನ್ನು, ಬಹುಶಃ ಸಂಕೋಚದಿಂದ ಬಿಟ್ಟಿರಬೇಕು, ನಾನು ಹೇಳುತ್ತೇನೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಡಿ ಬಂಧನದಲ್ಲಿರುವ ವ್ಯಕ್ತಿಗೆ ಉಚಿತ ವಕೀಲರ ಸೇವೆ ಪಡೆಯುವ ಹಕ್ಕಿದೆ. ಅದು ಭಿಕ್ಷೆಯಲ್ಲ. ಜಮೀನು ಅಡವಿಟ್ಟು ವಕೀಲರ ಶುಲ್ಕ ಕಟ್ಟಲು ಹೊರಟವರು ಮೊದಲು ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಪ್ರಾಧಿಕಾರದ ಕಚೇರಿಗೆ ಹೋಗಿ ವಿಚಾರಿಸಲಿ, ಅಥವಾ 15100ಕ್ಕೆ ಕರೆ ಮಾಡಲಿ. ಖಾಸಗಿ ವಕೀಲರನ್ನೇ ಇಟ್ಟುಕೊಂಡರೆ ಕೊಟ್ಟ ಹಣಕ್ಕೆ ರಸೀದಿ ಕೇಳುವುದರಲ್ಲಿ ನಾಚಿಕೆಪಡಬೇಡಿ.

ಜಾಮೀನು ಸಿಕ್ಕಿಯೂ ಹಣವಿಲ್ಲದೆ ಒಳಗೇ ಉಳಿಯುವವರಿದ್ದಾರೆ. 2023ರ ಜನವರಿ 31ರಂದು ಸುಪ್ರೀಂ ಕೋರ್ಟ್ ನೀಡಿದ ನಿರ್ದೇಶನದಂತೆ, ಜಾಮೀನು ಸಿಕ್ಕಿ ಏಳು ದಿನಗಳಾದರೂ ಬಂದಿ ಬಿಡುಗಡೆಯಾಗದಿದ್ದರೆ ಅಧೀಕ್ಷಕರು ಅದನ್ನು ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಬಡ ಬಂದಿಗಳಿಗಾಗಿ ಕೇಂದ್ರ ಸರ್ಕಾರ ಅದೇ ವರ್ಷ ತಂದ ಯೋಜನೆಯಲ್ಲಿ ವಿಚಾರಣಾಧೀನರ ಜಾಮೀನಿಗೆ ಹಣದ ನೆರವಿದೆ, ಕೆಲವು ವಿಶೇಷ ಕಾಯ್ದೆಗಳ ಪ್ರಕರಣಗಳನ್ನು ಬಿಟ್ಟು. ನಿಮಗೆ ಇದು ಬೇಕಾಗದೆ ಇರಬಹುದು. ಓದುವ ಬೇರೆಯವರಿಗೆ ಬೇಕಾದೀತು. ಹಾಗೆಯೇ, ಜೈಲಿನೊಳಗೆ ಜಾತಿಯ ಆಧಾರದ ಮೇಲೆ ಕೆಲಸ ಹಂಚುವುದು, ಬೇರೆ ಕೂರಿಸುವುದು ಸಂವಿಧಾನಬಾಹಿರ ಎಂದು 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಅಂಥದ್ದೇನಾದರೂ ಕಿವಿಗೆ ಬಿದ್ದರೆ ಜೈಲಿಗೆ ಬರುವ ಕಾನೂನು ಸೇವಾ ಪ್ರಾಧಿಕಾರದವರಿಗೆ ತಿಳಿಸಿ.

ಫೋನಿನ ವಿಷಯ. ಜಪ್ತಿಯಾದ ಫೋನು ಬೇಗ ಬರುವುದಿಲ್ಲ. ಕ್ಯಾಂಟರಿನ ಕಂತಿಗಾಗಿ ಸಾಲ ಕೊಟ್ಟ ಬ್ಯಾಂಕಿನ ಶಾಖೆಗೆ ನೇರವಾಗಿ ಹೋಗಿ, ಸಾಲದ ಖಾತೆಗೆ ಯಾರು ಬೇಕಾದರೂ ಹಣ ಕಟ್ಟಬಹುದು. ಅವನ ಸಹಿ ಬೇಕಾದ ಕಾಗದಗಳಿದ್ದರೆ ವಕಾಲತ್ತಿಗೆ ಮಾಡಿಸುವಂತೆಯೇ ಅಧೀಕ್ಷಕರ ದೃಢೀಕರಣದೊಂದಿಗೆ ಒಳಗಿನಿಂದ ಸಹಿ ಮಾಡಿಸಿಕೊಳ್ಳಬಹುದು. ಲಾರಿ ನಿಂತರೆ ಮನೆ ನಿಲ್ಲುತ್ತದೆ, ನಂಬಿಕಸ್ತ ಚಾಲಕನೊಬ್ಬನನ್ನು ಹುಡುಕಿ.

ಇನ್ನು ಮಗು. ಇಲ್ಲಿ ನನಗೂ ನಿಮ್ಮ ಮನೆಯವರಿಗೂ ಭಿನ್ನಾಭಿಪ್ರಾಯವಿದೆ. 34 ವರ್ಷ ಮಕ್ಕಳ ಮುಂದೆ ನಿಂತವನು ನಾನು. ಲೋಡ್ ತೆಗೆದುಕೊಂಡು ಹೋದ ಅಪ್ಪ ನಾಲ್ಕನೆಯ ದಿನಕ್ಕೆ ಬರಬೇಕು. ಬರದಿದ್ದಾಗ ಆ ಮಗು ರಸ್ತೆಯಲ್ಲಿ ಹೋಗುವ ಪ್ರತಿ ಕ್ಯಾಂಟರನ್ನೂ ನೋಡುತ್ತದೆ. ನಿಜವನ್ನು ಅಂಗನವಾಡಿಯಲ್ಲಿಯೋ ಶಾಲೆಯಲ್ಲಿಯೋ ಇನ್ನೊಂದು ಮಗುವಿನ ಬಾಯಿಂದ, ಅದರ ಮನೆಯವರು ಆಡಿದ ಮಾತಿನಲ್ಲಿ ಕೇಳುತ್ತದೆ. ಜಗಳದ ವಿವರ ಬೇಡ. ಅಪ್ಪ ಒಂದು ಕಡೆ ಇರಬೇಕಾಗಿದೆ, ಅಲ್ಲಿ ಊಟ ಮಾಡುತ್ತಾನೆ, ಮಲಗುತ್ತಾನೆ, ಸದ್ಯಕ್ಕೆ ಬರಲು ಬಿಡುವುದಿಲ್ಲ, ಇದರಲ್ಲಿ ನಿನ್ನದೇನೂ ತಪ್ಪಿಲ್ಲ ಎಂದು ಅದರ ತಾಯಿಯೇ ಹೇಳಲಿ. ತರಗತಿಯ ಶಿಕ್ಷಕಿಗೆ ಮಾತ್ರ ಪ್ರತ್ಯೇಕವಾಗಿ ತಿಳಿಸಿಡಿ.

ಶಿರಾ_ಗೃಹಿಣಿ

ಮೇಷ್ಟರೇ, ಕ್ಷಮಿಸಿ, ಮಗುವಿಗೆ ಹೇಳುವುದನ್ನು ಒಪ್ಪುತ್ತೇನೆ, ಆದರೆ ಮೊದಲ ಭೇಟಿಗೇ ಕರೆದುಕೊಂಡು ಹೋಗಬೇಡಿ ಎಂದು ಸೇರಿಸಿ. ನನ್ನ ಮಗ ಜಾಲರಿಯೊಳಗೆ ಬೆರಳು ತೂರಿಸಿ ಅಪ್ಪನ ಬೆರಳು ಹಿಡಿದುಕೊಂಡು ಬಿಡಲಿಲ್ಲ. ವಾರ್ಡರೇ ಮುಖ ತಿರುಗಿಸಿಕೊಂಡು ಎರಡು ನಿಮಿಷ ಹೆಚ್ಚು ಬಿಟ್ಟರು. ಮನೆಗೆ ಬಂದ ಮೇಲೆ ಯಜಮಾನರು ಹೇಳಿದ್ದು, ಏಳು ತಿಂಗಳಲ್ಲಿ ತಡೆಯಲಾಗದೆ ಅತ್ತದ್ದು ಆ ರಾತ್ರಿ ಮಾತ್ರ ಎಂದು. ಮೊದಲು ದೊಡ್ಡವರು ಎರಡು ಸಲ ಹೋಗಿಬನ್ನಿ, ವಿಡಿಯೊ ಭೇಟಿಯಲ್ಲಿ ಮಗು ಅಪ್ಪನ ಮುಖ ನೋಡಲಿ, ಆಮೇಲೆ ಯೋಚಿಸಿ.

ಮುಳಬಾಗಿಲು_ಅಕ್ಕ

ಎಲ್ಲರಿಗೂ ಉತ್ತರಿಸಲು ತಡವಾಯಿತು. ನಿನ್ನೆ ಭೇಟಿಯಾಯಿತು. ಅಮ್ಮ ಮತ್ತು ನಾನು ಇಬ್ಬರೇ ಹೋದೆವು. ಬೆಳಿಗ್ಗೆ 9 ಗಂಟೆಗೆ ಹೆಸರು ಬರೆಸಿದ್ದಕ್ಕೆ 12 ಗಂಟೆಗೆ ಕರೆದರು. ಇನ್‌ಹೇಲರ್ ಅವನ ಕೈ ಸೇರಿದೆ, ಎರಡು ರಾತ್ರಿಯಿಂದ ಮಲಗುತ್ತಿದ್ದಾನಂತೆ. ಶಿರಾದ ಅಕ್ಕ ಹೇಳಿದ್ದರಿಂದ ಅವನ ಮುಖ ಕಂಡು ಅಮ್ಮ ಗಾಬರಿಯಾಗಲಿಲ್ಲ, ಅಳಲೂ ಇಲ್ಲ. ಬಸ್ ಹತ್ತಿದ ಮೇಲೆ ಅತ್ತರು.

ಅವನು ಬಂದವನೇ ಕೇಳಿದ್ದು ಕ್ಯಾಂಟರಿನ ಬ್ಯಾಟರಿಯ ವಿಷಯ. ಎರಡು ದಿನಕ್ಕೊಮ್ಮೆ ಸ್ಟಾರ್ಟ್ ಮಾಡಿ ಬಿಡಿ, ಇಲ್ಲವಾದರೆ ಇಳಿದುಹೋಗುತ್ತದೆ ಎಂದ. ಎಮ್ಮೆಯ ಮಾತು ನೆನಪಾಗಿ ನನಗೆ ನಗು ಬಂತು, ಯಾಕೆ ನಗುತ್ತೀಯ ಎಂದು ಅವನೂ ನಕ್ಕ. ಹಣ ಕೇಳಿದವನು ಮತ್ತೆ ಕರೆ ಮಾಡಿದ್ದ. ನಂಬರನ್ನು ವಕೀಲರಿಗೆ ಕೊಟ್ಟಿದ್ದೇನೆ ಎಂದೊಡನೆ ಕರೆ ಕಡಿದ. ಹಿರಿಯರಿಗೆ ವಕೀಲರ ಮಾತನ್ನು ಓದಿ ಹೇಳಿದೆ. ಒಬ್ಬರಿಗೆ ಬೇಸರವಾಯಿತು, ಉಳಿದವರು ಒಪ್ಪಿದರು.

ನಾದಿನಿ ಮಗುವಿಗೆ ಇನ್ನೂ ಹೇಳಿಲ್ಲ. ಈ ಭಾನುವಾರ ಹೇಳುತ್ತೇನೆ ಎಂದಿದ್ದಾಳೆ. ಸೆಷನ್ಸ್ ನ್ಯಾಯಾಲಯದಲ್ಲಿ ಅರ್ಜಿ ಹಾಕಿದ್ದಾರೆ, ತಕರಾರಿಗೆ ಬುಧವಾರ ಇಟ್ಟಿದ್ದಾರೆ. ಸೋದರಮಾವ ಮತ್ತು ಅವರ ಷಡ್ಡಕ ಜಾಮೀನು ನಿಲ್ಲಲು ಒಪ್ಪಿದ್ದಾರೆ, ಇಬ್ಬರ ಪಹಣಿಯನ್ನೂ ಇಂದು ತೆಗೆಸಿದೆ. 90ನೆಯ ದಿನ ಯಾವುದೆಂದು ಕ್ಯಾಲೆಂಡರಿನಲ್ಲಿ ಸುತ್ತು ಹಾಕಿ, ಅಡುಗೆಮನೆಯ ಬಾಗಿಲಿಗೆ ತೂಗುಹಾಕಿದ್ದೇನೆ.